ಮೂವತ್ತೆರಡು ಸೆಕೆಂಡು

ಗುರುವಾರ ಬೆಳಿಗ್ಗೆ ಹತ್ತೂವರೆಗೆ ವೈರಮ್ಮ, ಕಚೇರಿಗೆ ಫೋನು ಲೈನು ಕೊಟ್ಟ ಕಂಪನಿಯವನ ಜೊತೆ ಆರನೇ ಸಲ ಜಗಳವಾಡಿ ಫೋನಿಟ್ಟಳು. ಅವನು ಎಂದಿನಂತೆ "ನಮ್ಮ ಕಡೆ ಎಲ್ಲಾ ಸರಿಯಾಗೇ ಇದೆ ಮೇಡಂ" ಎಂದಿದ್ದ. ಇವಳೂ ಎಂದಿನಂತೆ "ನಮ್ಮ ಕಡೇನೂ ಸರಿಯಾಗೇ ಇದೆ" ಎಂದಿದ್ದಳು. ಎರಡೂ ಕಡೆ ಎಲ್ಲಾ ಸರಿಯಿದ್ದು, ಕರೆಗಳು ಮಾತ್ರ ಮಂಗಳವಾರದಿಂದ ನಡುದಾರಿಯಲ್ಲಿ ಪ್ರಾಣ ಬಿಡುತ್ತಿದ್ದವು.

ವೈರಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರೋಗಿಗಳ ಮನೆಗೆ ನರ್ಸುಗಳನ್ನು ಕಳಿಸುವ ಆ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಫೋನು, ಕಂಪ್ಯೂಟರು, ತಂತಿ ನೋಡಿಕೊಂಡಿದ್ದಕ್ಕೆ ಸಿಕ್ಕ ಬಿರುದು. ಅಲ್ಲಿನ ಫೋನು ಓಡುವುದು ಇಂಟರ್ನೆಟ್ಟಿನ ಮೇಲೆ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲಿ. ಕಚೇರಿಯವರಿಗೆ ಅದು 'ಪುಕ್ಕಟೆ ಫೋನು'. ಪುಕ್ಕಟೆ ಎಂದರೆ, ಕೆಟ್ಟಾಗ ಬೈಸಿಕೊಳ್ಳಲು ವೈರಮ್ಮನ ಹೊರತು ಯಾರೂ ಇಲ್ಲವೆಂದರ್ಥ.

ಭಾನುವಾರ ಯಾರೋ ಪುಣ್ಯಾತ್ಮರು ಹೊರಗಿನಿಂದ ನಿಮಿಷಕ್ಕೆ ನೂರಾರು ಸಲ ಪಾಸ್‌ವರ್ಡ್ ಊಹಿಸುತ್ತಾ ಕೂತು, ಕೊನೆಗೆ ಉಗ್ರಾಣದ ಫೋನಿನೊಳಗೆ ನುಗ್ಗಿಬಿಟ್ಟಿದ್ದರು. ಉಗ್ರಾಣದ ಫೋನಿನ ಸಂಖ್ಯೆ 214, ಪಾಸ್‌ವರ್ಡೂ 214. ವೈರಮ್ಮ ರಜೆಯನ್ನು ಕೈಬಿಟ್ಟು ಬಂದು, ಅರವತ್ತೆರಡು ಫೋನುಗಳ ಪಾಸ್‌ವರ್ಡನ್ನೂ ಬದಲಿಸಿದಳು. ಸೋಮವಾರ ಸಂಜೆ ಫೈರ್‌ವಾಲ್ ಎಂಬ ಕಾವಲು ಗೋಡೆ ಎಬ್ಬಿಸಿ, ಹೊರಗಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಲೈನು ಕಂಪನಿಯ ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಒಳಗೆ ಬರಲು ಅಪ್ಪಣೆ ಕೊಟ್ಟು ಮನೆಗೆ ಹೋದಳು. ಆಗ ಅವಳಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು.

ಮಂಗಳವಾರ ಅಕ್ಕ ಫೋನು ಮಾಡಿದಳು.

ಅಕ್ಕನಿಗೂ ಇವಳಿಗೂ ಮಾತು ನಿಂತು ಆರು ತಿಂಗಳಾಗಿತ್ತು. ನೆಂಟರೆಲ್ಲ ಕೂತಿದ್ದಾಗ ಅಕ್ಕ ನಗುನಗುತ್ತಲೇ, "ನಮ್ಮವಳಿಗೆ ಗೊತ್ತಿರೋದು ಒಂದೇ ವಿದ್ಯೆ, ಬಾಗಿಲು ಹಾಕೋದು. ಕಂಪ್ಯೂಟರಿಗೂ ಅಷ್ಟೆ, ಗಂಡನಿಗೂ ಅಷ್ಟೆ" ಎಂದಿದ್ದಳು. ಎಲ್ಲರೂ ನಕ್ಕರು. ವೈರಮ್ಮ ಮೆಟ್ಟಿಲಿಳಿಯುತ್ತಲೇ ತನ್ನ ಮೊಬೈಲಿನಲ್ಲಿ ಅಕ್ಕನ ನಂಬರನ್ನು ಬ್ಲಾಕ್ ಮಾಡಿದ್ದಳು. ಅದಕ್ಕೇ ಅಕ್ಕ ಈಗ ಕಚೇರಿಯ ಮೇಜಿನ ನೇರ ನಂಬರಿಗೆ ಮಾಡಿದ್ದು.

ಮೊಣಕಾಲು, ಪಕ್ಕದ ಮನೆಯವಳು, ನೀರಿನ ಟ್ಯಾಂಕು ಇಷ್ಟನ್ನೂ ದಾಟದೆ ಅಕ್ಕ ಯಾವ ವಿಷಯಕ್ಕೂ ಬಂದವಳಲ್ಲ. ಆವತ್ತು ಮೊಣಕಾಲಿಗೇ ನಿಲ್ಲಿಸಿ, "ಶುಕ್ರವಾರ ನಂಗೆ ಹೊಟ್ಟೆ ಆಪರೇಷನ್ನು ಕಣೆ. ಸಹಿ ಹಾಕೋಕೆ ಮನೆಯವರು ಒಬ್ರು ಬೇಕಂತೆ. ನೀನು ಬರ್ತೀಯಾ?" ಎಂದಳು. ಭಾವ ತೀರಿಹೋಗಿ ಎಷ್ಟೋ ವರ್ಷ, ಮಕ್ಕಳಿಲ್ಲ. ಬರ್ತೀನಿ ಎನ್ನಬೇಕೆಂದೇ ವೈರಮ್ಮ ಹೊರಟಳು. ಆದರೆ ಬಾಯಿಂದ ಬಂದದ್ದು, "ಬಾಗಿಲು ಹಾಕೋಳು ನಾನು, ನನ್ನ ಸಹಿ ಯಾಕೆ ಬೇಕು?"

ಅಷ್ಟಕ್ಕೆ ಲೈನು ಕಟ್ಟಾಯಿತು. ಅಕ್ಕ ಮುಖಕ್ಕೆ ಹೊಡೆದಂತೆ ಇಟ್ಟಳು ಎಂದೇ ವೈರಮ್ಮ ತಿಳಿದಳು.

ಮಧ್ಯಾಹ್ನ ಮತ್ತೆ ಬಂತು. "ಇಷ್ಟು ಸೊಕ್ಕಾ ನಿಂಗೆ?" ಎಂದು ಅಕ್ಕ ಶುರುಮಾಡಿ, ಇವಳು ಸೊಕ್ಕು ಯಾರದೆಂದು ವಿವರಿಸಲು ಹೊರಟು, ಸರಿಯಾಗಿ ಕೆಟ್ಟ ಮಾತಿಗೇ ಕಟ್ಟಾಯಿತು. ಬುಧವಾರ ಮೂರನೆಯದು. ಅದೂ ಹಾಗೇ ಮುಗಿಯಿತು.

"ಮೂರು ಸಲ ಆಂಟಿ, ಮೂರು ಸಲ ಮುಖಕ್ಕೇ ಇಟ್ಲು" ಎಂದು ಗುರುವಾರ ಫೋನಿಟ್ಟವಳೇ ವೈರಮ್ಮ ಕಂಪನಿಯವನ ಮೇಲಿನ ಸಿಟ್ಟನ್ನೂ ಸೇರಿಸಿ ಹಲೋ ಆಂಟಿಗೆ ಹೇಳಿದಳು. ಹಲೋ ಆಂಟಿ ಎಂದರೆ ಮುಂದಿನ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಕರೆ ಎತ್ತುತ್ತಿರುವ ಹೆಂಗಸು. ಮಂಗಳವಾರದಿಂದ ಜನರ ಬೈಗುಳವನ್ನೆಲ್ಲ ಕಿವಿಯಾರೆ ಕೇಳುತ್ತಿದ್ದವಳು ಅವಳೇ.

"ನಾಳೆ ಆಪರೇಷನ್ ಅಂತೀಯ. ನೀನೇ ಒಂದ್ಸಲ ಮಾಡಬಾರ್ದಾ?"

"ನಾನ್ಯಾಕೆ ಮಾಡ್ಲಿ?"

"ಬಿಡು ಹಾಗಾದ್ರೆ. ನನ್ನ ಗೋಳು ಕೇಳು. ಜನ ವಿಳಾಸ ಹೇಳ್ತಾರೆ. ಬೀದಿ ಹೆಸರು ಬರತ್ತೆ, ಮನೆ ನಂಬರ್ ಅನ್ನೋಷ್ಟರಲ್ಲಿ ಡಬ್ ಅಂತ ಹೋಗತ್ತೆ. ಎಲ್ಲಾ ಕರೆನೂ ಅಲ್ಲ, ಮೂರರಲ್ಲಿ ಒಂದು. ಎಲ್ಲಾ ಬರ್ದಿಟ್ಟಿದೀನಿ, ಯಾರೂ ಕೇಳ್ಲಿಲ್ಲ."

ಆಂಟಿ ತನ್ನ ನೋಟುಬುಕ್ಕು ಮುಂದಿಟ್ಟಳು. ಗೋಡೆ ಗಡಿಯಾರ ನೋಡಿಕೊಂಡು ಕಟ್ಟಾದ ಒಂದೊಂದು ಕರೆಗೂ ಸೆಕೆಂಡು ಬರೆದಿದ್ದಳು. 32, 32, 31, 32, 33, 32.

ವೈರಮ್ಮ ನೋಟುಬುಕ್ಕನ್ನು ತನ್ನತ್ತ ಎಳೆದುಕೊಂಡಳು. ಎರಡು ದಿನದಿಂದ ಅವಳು ಕೇಳಿದ್ದು "ಆಗಾಗ ಕಟ್ಟಾಗತ್ತೆ" ಎಂಬ ಒಂದೇ ಮಾತು. ಎಷ್ಟು ಹೊತ್ತಿಗೆ ಎಂದು ಯಾರನ್ನೂ ಕೇಳಿರಲಿಲ್ಲ. ಈ ವಿದ್ಯೆಯವರಿಗೆ ಮೂವತ್ತೆರಡು ಎಂದರೆ ಸಾಕು, ಮುಂದಿನದನ್ನು ಹೇಳಬೇಕಿಲ್ಲ. ಕರೆ ಎತ್ತಿದಾಗ ಕಚೇರಿಯ ಫೋನು ಯಂತ್ರ 'ಎತ್ತಿದೆ' ಎಂದು ಅತ್ತ ಕಡೆಗೆ ಹೇಳುತ್ತದೆ. ಅತ್ತಲಿಂದ 'ತಿಳಿಯಿತು' ಎಂಬ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ ಮತ್ತೆ ಹೇಳಿ ನೋಡಿ, ಮೂವತ್ತೆರಡು ಸೆಕೆಂಡಿಗೆ ಆಸೆ ಬಿಟ್ಟು ತಾನೇ ಕರೆ ಮುಗಿಸುತ್ತದೆ. ಮಾತಾಡುವ ಇಬ್ಬರ ದನಿಯೂ ಅಷ್ಟು ಹೊತ್ತು ಚೆನ್ನಾಗಿಯೇ ಕೇಳುತ್ತಿರುತ್ತದೆ.

ಲೈನು ಕಂಪನಿ ಕಳಿಸಿದ್ದ ಕಾಗದವನ್ನು ಫೈಲಿನಿಂದ ಎಳೆದಳು. ಎದುರಿಗೊಂದು ವಿಳಾಸ, ಸೋಮವಾರ ಅವಳು ಅಪ್ಪಣೆ ಕೊಟ್ಟದ್ದು. ಹಾಳೆ ಮಗುಚಿದರೆ ಹಿಂದುಗಡೆ ಇನ್ನೊಂದು. ಕೆಲವು ಕರೆಗಳ 'ತಿಳಿಯಿತು' ಬರುತ್ತಿದ್ದುದು ಆ ಎರಡನೆಯದರಿಂದ. ಬಂದಬಂದದ್ದನ್ನು ಇವಳ ಗೋಡೆ ಕಳ್ಳನೆಂದು ಹೊರಗೇ ತಳ್ಳುತ್ತಿತ್ತು.

"ಅಯ್ಯೋ, ನನ್ನ ತಲೆಗಿಷ್ಟು!" ಎಂದಳು ವೈರಮ್ಮ. ಸರಿಪಡಿಸಲು ಹಿಡಿದದ್ದು, ಎರಡನೇ ವಿಳಾಸಕ್ಕೂ ಅಪ್ಪಣೆ ಕೊಡುವ ಒಂದೇ ಸಾಲು. ಆಂಟಿ ತನ್ನ ಮೊಬೈಲು ಹಿಡಿದು ಜಗಲಿಗೆ ಹೋಗಿ, ಹತ್ತು ಸಲ ಕಚೇರಿಗೆ ಕರೆ ಮಾಡಿ, ಒಂದೊಂದರಲ್ಲೂ ನಿಮಿಷಗಟ್ಟಲೆ ತನ್ನ ಸೊಸೆಯ ಮೇಲೆ ದೂರು ಹೇಳಿದಳು. ಒಂದೂ ಕಟ್ಟಾಗಲಿಲ್ಲ.

"ಹಾಗಾದ್ರೆ ನಿಮ್ಮಕ್ಕ?" ವಾಪಸು ಬಂದವಳೇ ಆಂಟಿ ಕೇಳಿದಳು.

ವೈರಮ್ಮ ಅದಾಗಲೇ ಕರೆಗಳ ದಾಖಲೆ ತೆರೆದಿದ್ದಳು. ಮಂಗಳವಾರ ಬೆಳಿಗ್ಗೆ, ಮೂವತ್ತೆರಡು. ಮಂಗಳವಾರ ಮಧ್ಯಾಹ್ನ, ಮೂವತ್ತೆರಡು. ಎರಡನ್ನೂ ಮುಗಿಸಿದ್ದು ಯಂತ್ರ. ಅಕ್ಕ ಇಟ್ಟಿರಲಿಲ್ಲ. ಅತ್ತ ಕೂತ ಅಕ್ಕನೂ ತಂಗಿಯೇ ಇಟ್ಟಳೆಂದು ತಿಳಿದಿರಬೇಕು. ಅಷ್ಟಾದರೂ ಮಾರನೇ ದಿನ ಮತ್ತೆ ಮಾಡಿದ್ದಳು. ವೈರಮ್ಮನ ಕಣ್ಣು ತುಂಬಿತು.

ಆಂಟಿ ಕನ್ನಡಕ ಏರಿಸಿ ಪರದೆಗೆ ಬಗ್ಗಿದಳು. "ಬುಧವಾರದ್ದು ಹತ್ತೊಂಬತ್ತೇ ಇದೆಯಲ್ಲೇ?"

ಅದರ ಪಕ್ಕದ ಅಂಕಣದಲ್ಲಿ, ಕರೆ ಮುಗಿಸಿದವರು ಯಾರು ಎಂಬಲ್ಲಿ, ವೈರಮ್ಮನ ಮೇಜಿನ ಸಂಖ್ಯೆಯಿತ್ತು. ಅವಳಿಗದು ಗೊತ್ತಿರಲಿಲ್ಲವೆಂದಲ್ಲ. ಬುಧವಾರ ಅಕ್ಕ "ಜಗಳ ಬೇಡ ಕಣೆ, ಒಂದು ನಿಮಿಷ ಕೇಳು" ಎನ್ನುತ್ತಿರುವಾಗಲೇ, ಹೇಗೂ ಅಕ್ಕ ಇಡುತ್ತಾಳೆ, ಈ ಸಲ ನಾನೇ ಮೊದಲು ಇಡುತ್ತೇನೆ ಎಂದು ವೈರಮ್ಮ ಫೋನು ಕುಕ್ಕಿದ್ದಳು. ಆಮೇಲೆ ಅದನ್ನೂ ಅಕ್ಕನ ಲೆಕ್ಕಕ್ಕೆ ಸೇರಿಸಿ ಹೇಳುತ್ತಾ ಬಂದಿದ್ದಳು. ಹೇಳಿ ಹೇಳಿ ತಾನೂ ನಂಬಿದ್ದಳು. ಆಂಟಿ ತನ್ನ ಮೇಜಿಗೆ ಹೋಗಿ ಕೂತಳು.

ವೈರಮ್ಮ ಮೊಬೈಲು ತೆಗೆದು ಅಕ್ಕನ ನಂಬರಿನ ಬ್ಲಾಕ್ ತೆಗೆದು ಒತ್ತಿದಳು. ಬಹಳ ಹೊತ್ತು ರಿಂಗಾಯಿತು.

"ಏನು?" ಅಕ್ಕನ ದನಿ ದಣಿದಿತ್ತು.

"ಅಕ್ಕಾ, ಮಂಗಳವಾರ ನಾನು ಇಡ್ಲಿಲ್ಲ. ನಮ್ಮ ಫೋನೇ ಕೆಟ್ಟಿತ್ತು. ಕೆಡಿಸಿದ್ದೂ ನಾನೇ."

"ಎರಡು ಸಲಾನೂ?"

"ಎರಡು ಸಲಾನೂ."

"ನಿನ್ನೆ?"

ಫೋನೇ ಎಂದುಬಿಡಬಹುದಿತ್ತು. ಅಕ್ಕ ನಂಬುತ್ತಿದ್ದಳು. "ನಿನ್ನೆ ನಾನೇ ಇಟ್ಟೆ" ಎಂದಳು ವೈರಮ್ಮ.

ಅತ್ತ ಕಡೆ ಯಾವುದೋ ಗಾಡಿಯ ಚಕ್ರ ಉರುಳಿಹೋದದ್ದು, ಯಾರೋ ಕೆಮ್ಮಿದ್ದು ಕೇಳಿಸಿತು. ಅಕ್ಕ ಆಗಲೇ ಆಸ್ಪತ್ರೆ ಸೇರಿದ್ದಳು.

"ಇಲ್ಲಿ ಫಾರಮ್ಮಲ್ಲಿ ಮನೆಯವರು ಅಂತ ಒಂದು ಜಾಗ ಇದೆ" ಎಂದಳು ಅಕ್ಕ. "ಮಂಗಳವಾರವೇ ನಿನ್ನ ಹೆಸರು ಬರೆಸಿದ್ದೆ. ನಿನ್ನೆ ನೀನು ಇಟ್ಮೇಲೆ, ಅದನ್ನ ಹೊಡೆದು ಹಾಕಿ ಅಂದೆ."

"ಹಾಕಿದ್ರಾ?"

"ಬೇರೆ ಯಾರ ಹೆಸರು ಬರೀಲಿ ಅಂತ ಫಾರಮ್ ತುಂಬೋ ಹುಡುಗಿ ಪೆನ್ನು ಹಿಡ್ಕೊಂಡು ನಿಂತ್ಲು. ಎಷ್ಟು ಯೋಚಿಸಿದ್ರೂ ನಂಗೆ ಯಾರೂ ನೆನಪಾಗ್ಲಿಲ್ಲ ಕಣೆ. ಪಾಪ, ಅವಳೂ ಕಾದು ಕಾದು ನಿನ್ನ ಹೆಸರನ್ನ ಹಾಗೇ ಬಿಟ್ಟು ಹೋದ್ಲು."