ಸುನಂದಮ್ಮ ಕೊಟ್ಟ ಎಣ್ಣೆ

ಪುಟ್ಟಮಲ್ಲಮ್ಮ ಬಟ್ಟಲಿಗೆ ಎರಡನೇ ಸಲ ಬೂದಿ ಹಾಕಿ ಉಜ್ಜಿದರು. ವಾಸನೆ ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದರು. ಸಂತೆಯಲ್ಲಿ ಒಣಮೀನಿನವರ ಸಾಲು ದಾಟುವಾಗ ಸೆರಗು ಮುಚ್ಚಿಕೊಳ್ಳುತ್ತಿದ್ದರಲ್ಲ, ಅದೇ ವಾಸನೆ.

ಒಂದು ತಿಂಗಳಿಂದ ಸೊಸೆ ಸುನಂದಮ್ಮ ದಿನಾ ಬೆಳಿಗ್ಗೆ ಈ ಬಟ್ಟಲಲ್ಲಿ ಬೆಲ್ಲ, ಏಲಕ್ಕಿ ಕಲಸಿದ ಎಣ್ಣೆ ಕೊಡುತ್ತಿದ್ದಳು. "ಡಾಕ್ಟ್ರು ಕೊಟ್ಟ ಸೊಪ್ಪಿನೆಣ್ಣೆ ಕಣ್ರತ್ತೆ" ಎಂದಿದ್ದಳು. ಇವತ್ತು ಏಲಕ್ಕಿ ಮುಗಿದಿತ್ತು.

ಪುಟ್ಟಮಲ್ಲಮ್ಮ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತ್ತು. ಗಾಡಿ ಕಟ್ಟಿಸಿಕೊಂಡು ಸೊಸೆಯ ಜೊತೆ ಹುಣಸೂರಿಗೆ ಹೋಗಿದ್ದರು. ಡಾಕ್ಟರು ಟಾರ್ಚು ಹಾಕಿ ನೋಡಿ, "ಇದು ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಆಗಬಹುದು. ಹೊಗೆಸೊಪ್ಪು ಮುಟ್ಟಬೇಡಿ. ವಿಟಮಿನ್ ಕೊಟ್ಟು ನೋಡೋಣ, ವಾಸಿಯಾಗುತ್ತೆ ಅಂತ ಮಾತು ಕೊಡಲಾರೆ" ಎಂದಿದ್ದರು. ಆಮೇಲೆ ಸೊಸೆಯೊಬ್ಬಳನ್ನೇ ಒಳಗೆ ಕರೆದಿದ್ದರು. ಅವಳು ಹೊರಬಂದಾಗ ಮುಖ ಬಾಡಿತ್ತು. ಅವಳ ತಾಯಿ ಬಾಯಿಹುಣ್ಣಿನಲ್ಲೇ, ಗಂಜಿಯೂ ಇಳಿಯದೆ ಸತ್ತವರು.

ಪುಟ್ಟಮಲ್ಲಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಐವತ್ತು ವರ್ಷದಿಂದ ಲಿಂಗಪೂಜೆಯಾಗದೆ ಒಂದು ತುತ್ತು ಮುಟ್ಟಿದವರಲ್ಲ. ಪೂಜೆ ಮುಗಿಸಿದ ಬಾಯಿಗೆ ಮೀನಿನೆಣ್ಣೆ!

"ಅಯ್ಯೋ, ಬುಡ್ರತ್ತೆ!" ಸುನಂದಮ್ಮ ಓಡಿ ಬಂದು ಬಟ್ಟಲು ಕಿತ್ತುಕೊಂಡಳು. "ನಾನ್ ತೊಳೀತಿದ್ದೆ."

"ಯಾಕವ್ವ, ಚಿನ್ನದ ಬಟ್ಲಾ ಅದು? ನಾ ಕದ್ಕೊಂಡ್ ಓಯ್ತೀನಾ?"

ಸೊಸೆ ನಗಲಿಲ್ಲ. "ಬಾಯ್ ತೆಗೀರಿ, ನೋಡ್ತೀನಿ."

ಅತ್ತೆಯ ಮುಖವನ್ನು ಬೆಳಕಿಗೆ ತಿರುಗಿಸಿ, ಕೆನ್ನೆ ಎಳೆದು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. "ಮಚ್ಚೆ ಅಂಚು ತೆಳ್ಳಗಾಗೈತೆ ಕಣ್ರತ್ತೆ. ನನ್ನಾಣೆಗೂ!"

"ಅದ್ಕೆ ಅಳ್ತಾರೇನೆ? ನಾನೇನ್ ಕದ್ದು ಹೊಗೆಸೊಪ್ಪು ಆಕ್ಕೊಂಡಿಲ್ಲ."

"ಪಾಪ ಗೀಪ ಏನಿದ್ರೂ ನಂಗೇ ಬರ್ಲಿ. ನೀವು ಉಳ್ಕೊಂಡ್ರೆ ಸಾಕು."

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಪುಟ್ಟಮಲ್ಲಮ್ಮ ಕೇಳಿಸದವರಂತೆ ಇನ್ನೊಂದು ಪಾತ್ರೆ ಎಳೆದುಕೊಂಡರು. ಗೊತ್ತಾಯಿತು ಅಂದರೆ ಎಣ್ಣೆ ನಿಲ್ಲಿಸಬೇಕಾಗುತ್ತದೆ. ಆಮೇಲೆ ಈ ಹುಡುಗಿ ದಿನಾ ಈ ಬಾಯಿ ನೋಡಿಕೊಂಡು ತಾಯಿಯನ್ನು ನೆನೆಯುತ್ತಾಳೆ. ಅಲ್ಲದೆ, ತಿಳಿಯದೆ ತಿಂದರೆ ತಾನೇ ಪಾಪ ಕೊಟ್ಟವಳ ತಲೆಗೆ? ತಿಳಿದೇ ತಿಂದರೆ ಅವಳಿಗೇಕೆ ತಗಲಬೇಕು?

ಸುನಂದಮ್ಮ ಬಾವಿಯ ಕಡೆ ಹೋದಳು. ನಾಳೆ ಕೊಟ್ಟಾಗಲೂ ಕೈಯೊಡ್ಡುವುದು, ಮುಖ ಸಿಂಡರಿಸದೆ ನುಂಗುವುದು ಎಂದುಕೊಂಡರು ಪುಟ್ಟಮಲ್ಲಮ್ಮ. ಲಿಂಗಕ್ಕೆ ಮಾತ್ರ ತಿಳಿದಿರಲಿ.