ಅಕ್ಕನ ನೇಲ್ ಪಾಲಿಶ್

ಕಾಲುಚೀಲ ಒಂದೇ ಇದೆ, ಇನ್ನೊಂದು ವಾಷಿಂಗ್ ಮೆಷಿನ್ನಿನ ರಬ್ಬರ್ ಸಂದಿಯಲ್ಲಿ ಸಿಕ್ಕಿರಬೇಕು, ಮಗಳದ್ದು, ಹಿಮ್ಮಡಿ ಕೆಂಪು — ಕೆಂಪು ಬೇಡ, ಈಗ ಬೇಡ — ತಡಕುತ್ತೇನೆ, ಒದ್ದೆ, ಅಕ್ಕ ಫೋನ್ ಇಟ್ಟಾಯಿತು, ಕಿವಿ ಇನ್ನೂ ಬಿಸಿ. ಲೇ, ನಿಮ್ಮ ಎದುರುಕಕ್ಷಿ ವಕೀಲರು ಸ್ಟುಡಿಯೋಗೇ ಬಂದಿದ್ರು ಕಣೇ, ನಾನೂ ಸಾಕ್ಷಿ ಹೇಳ್ಬೇಕಂತೆ, ಕಟಕಟೆಗೆ ಹೊಸ ಬಟ್ಟೆ ಹೊಲಿಸ್ಕೊಳ್ಳಲಾ, ಅಂತ ನಕ್ಕಳು, ನನಗೆ ನಗು ಬರಲಿಲ್ಲ. ಅವಳ ಫೋಟೊ ಸ್ಟುಡಿಯೋ, ಒಮ್ಮೆ ಕಂಪ್ಯೂಟರ್ ಕೆಟ್ಟು ಯಾರದೋ ಮದುವೆಯ ಫೋಟೊಗಳೆಲ್ಲ ಹೋದವು, ಅಕ್ಕ ಊಟ ಬಿಟ್ಟು ಅತ್ತಳು, ನೋಡಲಾರದೆ ನಾನು ಆಫೀಸಿನಲ್ಲಿ ಆಗಷ್ಟೇ ಬರೆದು ಮುಗಿಸಿದ್ದ ಪ್ರೋಗ್ರಾಮನ್ನು ತಂದು ಹಾಕಿಕೊಟ್ಟೆ — ಯಂತ್ರ ಚೆನ್ನಾಗಿರುವಾಗಲೇ ಅದರ ಪೂರ್ತಿ ನಕಲನ್ನು ಮೂಲೆಯಲ್ಲಿ ಬಚ್ಚಿಡುವುದು, ಕೆಟ್ಟರೆ ಒಂದೇ ಕೀ ಒತ್ತು, ಮೊದಲಿನಂತೆ ಎದ್ದು ಕೂರುತ್ತದೆ. ಕೆಲಸದವರಿಗೆ ಗೊತ್ತಾಗಲೆಂದು ಆ ಕೀ ಮೇಲೆ ಅಕ್ಕ ತನ್ನ ನೇಲ್ ಪಾಲಿಶ್‌ನಿಂದ ಬೊಟ್ಟಿಟ್ಟಳು, ಬಂದುಹೋದವರಿಗೆಲ್ಲ ತೋರಿಸಿದಳು, ನನ್ನ ತಂಗಿ ಮಾಡಿದ್ದು, ನೋಡಿ ನೋಡಿ. ನಮ್ಮ ಆಫೀಸು ಪೇಟೆಂಟಿಗೆ ಅರ್ಜಿ ಹಾಕಿದ್ದು ಅದಾದ ಎಷ್ಟೋ ಕಾಲಕ್ಕೆ. ಈಗ ದೊಡ್ಡ ಕಂಪನಿಯೊಂದು ಅದನ್ನೇ ಕದ್ದಿದೆ, ನಾವು ಕೇಸು ಹಾಕಿದ್ದೇವೆ, ಕದ್ದದ್ದು ನಿಜ, ನಿಜವೇ, ಆದರೆ ಅರ್ಜಿಗೆ ಮುಂಚೆ ಹೊರಗಿನವರ್ಯಾರಾದ್ರೂ ಬಳಸಿದ್ರೆ ಪೇಟೆಂಟೇ ನಿಲ್ಲಲ್ಲ ಮೇಡಂ, ಆಫೀಸೇ ಮುಚ್ಬೇಕಾಗುತ್ತೆ, ಯೋಚ್ನೆ ಮಾಡಿ ಹೇಳಿ, ಅಂದರು ನಮ್ಮ ವಕೀಲರು. ಯಾರೂ ಇಲ್ಲ ಅಂದೆ. ಪ್ರಮಾಣ ಮಾಡಿಯೇ ಹೇಳಿದೆ.

ಅಮ್ಮಾ, ಸಾಕ್ಸ್ ಸಿಕ್ತಾ? ಹುಡುಕ್ತಿದ್ದೀನಿ ಕಂದ, ಹಾಲು ಕುಡಿ ನೀನು — ಎಷ್ಟು ಮೆತ್ತಗೆ ಬರುತ್ತದೆ ನನ್ನ ದನಿ, ಅಕ್ಕನಿಗೂ ಇದೇ ದನಿಯಲ್ಲಿ ಹೇಳಿದ್ದೆ, ನೆನಪಿಲ್ಲ ಅಂದುಬಿಡಕ್ಕ, ಅಷ್ಟೇ. ಬಸ್ಸಿನಲ್ಲಿ ಕಂಡಕ್ಟರು ಮರೆತ ಟಿಕೆಟನ್ನು ಕೂಗಿ ಕರೆದು ಕೇಳುವ ಅಕ್ಕ, ಅಯ್ಯೋ ಬಿಡೇ, ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿರಲ್ಲ ನನಗೆ, ಎಂದಳು, ನನ್ನನ್ನು ಹಗುರ ಮಾಡಲು, ನನ್ನನ್ನು! ಆಮೇಲೆ ದನಿ ತಗ್ಗಿಸಿ, ಆ ಕೀ ಮೇಲಿನ ಬೊಟ್ಟು ಹಾಗೇ ಇದೆಯಲ್ಲೇ, ಉಜ್ಜಿ ತೆಗೆದುಬಿಡಲಾ? ಹೂಂ ಅಂದೆ. ಹೂಂ ಅಂದೆನಲ್ಲ. ಒದ್ದೆ ಕೈಯಲ್ಲೇ ಫೋನ್ ಹಚ್ಚುತ್ತೇನೆ, ಬೇಡಕ್ಕ, ಇರಲಿ ಬಿಡು, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಕೈ ಬಿಡುವಿಲ್ಲವೇನೋ, ಹತ್ತಿಯ ಉಂಡೆ ಹಿಡಿದಿದ್ದಾಳೇನೋ, ಬಗ್ಗಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಉಜ್ಜುತ್ತ — ರಿಂಗಾಗುತ್ತಿದೆ — ಆ ಕೆಂಪು ಬೊಟ್ಟು, ಅವಳ ಹೆಬ್ಬೆರಳ ಕೆಳಗೆ, ಕೆಂಪು ಬೊಟ್ಟು