ಕಣಕ್ಕೊಂದು ಜೊತೆ

ಅಪ್ಪನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಗಿದ್ದ ಹುಣ್ಣು ವಾಸಿಯಾಗಲು ಇಡೀ ಮಳೆಗಾಲ ಹಿಡಿಯಿತು. ವಾಸಿಯಾದ ಮೇಲೆ ರಾಮನಗರದ ವೈದ್ಯರು ಅವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸತೊಡಗಿದರು. ತಾಗಿದ್ದು ತಿಳಿದ ಕೂಡಲೇ ಅಪ್ಪ ‘ಹೂಂ’ ಎನ್ನಬೇಕಿತ್ತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ವೈದ್ಯರು ಹಿಮ್ಮಡಿಯಿಂದ ಬೆರಳ ತುದಿಯವರೆಗೆ, ಎಳೆ ಬಾಗುವಷ್ಟು ಒತ್ತಿ, ಎರಡೂ ಪಾದಗಳನ್ನು ಮುಗಿಸಿದರು. ಅಪ್ಪ ಕಣ್ಣು ತೆರೆಯದೆಯೇ ಕೇಳಿದರು:

“ಇನ್ನೂ ಸುರು ಮಾಡಿಲ್ವಾ ಸಾ?”

ವೈದ್ಯರು ನನ್ನ ಮುಖ ನೋಡಿದರು. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸತ್ತುಹೋಗಿವೆ. ಮುಳ್ಳು ಚುಚ್ಚಿದರೂ, ಕೆಂಡ ತುಳಿದರೂ ಇವರಿಗೆ ತಿಳಿಯುವುದಿಲ್ಲ. ಇನ್ನೊಂದು ಹುಣ್ಣಾದರೆ ಬೆರಳನ್ನು ಉಳಿಸಿಕೊಳ್ಳುವುದು ಕಷ್ಟ ಎಂದರು. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು, ಮನೆಯೊಳಗೂ ಸಹ.

ನನ್ನ ತಂದೆ ಮುನಿಯಪ್ಪನವರು ದೊಡ್ಡಆಲಹಳ್ಳಿಯ ರೈತರು. ಕನಕಪುರಕ್ಕೆ ಹೋಗುವ ದಿನ ಹವಾಯಿ ಚಪ್ಪಲಿ ಮೆಟ್ಟುತ್ತಿದ್ದರು, ಉಳಿದ ದಿನಗಳಲ್ಲಿ ಬರಿಗಾಲು. ಅವರ ಮಗಳಾದ ನಾನು ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಕನಕಪುರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಯಾವುದೇ ಸಮಸ್ಯೆಯನ್ನು ಬಿಡಿಸುವ ಮೊದಲು ಅದನ್ನು ಭಾಗ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಅಪ್ಪನ ದಿನವನ್ನೂ ಹಾಗೆಯೇ ಸ್ಥಳಗಳಾಗಿ ವಿಂಗಡಿಸಿದೆ. ಮನೆ, ಹೊಲ, ಪೇಟೆ. ಒಂದೊಂದಕ್ಕೂ ಒಂದೊಂದು ಜೊತೆ ಬೇಕು. ಯಾವುದೂ ಬೆರಳನ್ನು ಹಿಂಡಬಾರದು, ಒಳಗೆ ಹೊಲಿಗೆಯ ಗಂಟು ಇರಬಾರದು. ಜೊತೆಗೆ, ನಮ್ಮ ಕಡೆ ಗಂಡಸು ದಿನಕ್ಕೆ ಹತ್ತಾರು ಹೊಸ್ತಿಲುಗಳ ಮುಂದೆ ಜೋಡು ಬಿಡುವವನಾದ್ದರಿಂದ, ಬಗ್ಗದೆಯೇ ಕಳಚಿ ಹಾಕುವಂತಿರಬೇಕು. ಲೇಸು ಕಟ್ಟುವ ಬೂಟು ಪುಸ್ತಕಗಳ ಪ್ರಕಾರ ಪಾದಕ್ಕೆ ಒಳ್ಳೆಯದು. ಆದರೆ ಪ್ರತಿ ಬಾಗಿಲಲ್ಲೂ ಕುಳಿತು ಲೇಸು ಬಿಚ್ಚಬೇಕಾದ ಮನುಷ್ಯ ಒಂದು ವಾರದೊಳಗೆ ಅದನ್ನು ಮೂಲೆಗೆ ಎಸೆಯುತ್ತಾನೆ. ಆದ್ದರಿಂದ ಅಂಟುಪಟ್ಟಿಯದನ್ನು ಆರಿಸಿದೆ.

ಕೊಳ್ಳಲು ಸಂಜೆಯ ಹೊತ್ತಿಗೇ ಹೋದೆವು. ದಿನವಿಡೀ ನಡೆದ ಕಾಲು ಸಂಜೆಗೆ ಊದಿಕೊಂಡಿರುತ್ತದೆ, ಬೆಳಗಿನ ಅಳತೆ ಸಂಜೆಗೆ ಬಿಗಿಯಾಗುತ್ತದೆ. ರಾಮನಗರದಲ್ಲಿ ಮುಜಾಮಿಲ್ ಎಂಬುವರು ಮಧುಮೇಹಿಗಳಿಗೆಂದೇ ಮೆತ್ತನೆಯ ರಬ್ಬರಿನ ಚಪ್ಪಲಿ, ಶೂ ಮಾಡಿಕೊಡುತ್ತಾರೆ. ಅವರು ಅಪ್ಪನನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು.

“ಯಜಮಾನ್ರೇ, ಕಾಲು ಎಷ್ಟು ಅಗಲ! ಇದುಕ್ಕೆ ರೆಡಿಮೇಡ್ ಸಿಕ್ಕಲ್ಲ.”

“ಗದ್ದೆ ಉತ್ತ ಕಾಲು ಕಣಪ್ಪ. ಒಸಿ ಹರಡ್ಕಂಡೈತೆ.”

“ಬಣ್ಣ ಕಪ್ಪು ಹಾಕ್ಲಾ?”

“ಕರೀದು ಬ್ಯಾಡ. ಮನೆ ಬುಟ್ಟು ನಾಕು ಮಾರು ಹೋಗೋದ್ರೊಳಗೆ ಧೂಳು ಎದ್ದು ಕಾಣ್ತದೆ. ನಮ್ಮ ಹೊಲದ ಮಣ್ಣಿನ ಬಣ್ಣ ಇರೋದು ತೋರ್ಸು. ಕೊಳೆ ಆದ್ರೂ ಗೊತ್ತಾಗಬಾರ್ದು, ತೊಳೆದ್ರೂ ಗೊತ್ತಾಗಬಾರ್ದು.”

ಹೀಗೆ ಕೆಂಪುಗಂದು ಬಣ್ಣದ ಆ ಒಂದು ಜೊತೆ ಹಾಲಿನ ಡೇರಿಗೂ ಬ್ಯಾಂಕಿಗೂ ಮದುವೆಗೂ ಸಲ್ಲುವಂತಾಯಿತು. ಪಂಚೆಗೂ ಒಪ್ಪುತ್ತಿತ್ತು, ಪ್ಯಾಂಟಿಗೂ ಒಪ್ಪುತ್ತಿತ್ತು. ಬಣ್ಣದ ವಿಷಯವನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊಲಕ್ಕೆ ಮೊಳಕಾಲಿನ ಹತ್ತಿರದವರೆಗೆ ಬರುವ ಗಂಬೂಟು ತಂದೆವು, ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವಾಗ ಅದಿಲ್ಲದೆ ಆಗದು. ಮನೆಯೊಳಗಿನ ಚಪ್ಪಲಿಗೆ ಮಾತ್ರ ಅವ್ವ ಚಿಕ್ಕಲಕ್ಷ್ಮಮ್ಮ ಅಡ್ಡ ನಿಂತಳು.

“ದೇವ್ರು ಇರೋ ಮನೆ ಇದು. ಒಳಗಡೆ ಎಕ್ಕಡ ಮೆಟ್ಕಂಡು ಓಡಾಡ್ತಾರಂತೆ! ನೋಡ್ದೋರು ಏನಂದಾರು?”

“ಹೊಸ್ತಿಲು ದಾಟದೇ ಇರೋ ಚಪ್ಪಲಿ ಅವ್ವ. ಬೀದಿ ಹೆಂಗೈತೆ ಅಂತ್ಲೇ ಅದುಕ್ಕೆ ಗೊತ್ತಿರಕಿಲ್ಲ.”

ಮರುದಿನ ಅವ್ವ ತಾನೇ ಆ ಚಪ್ಪಲಿಗಳನ್ನು ತೊಳೆದು, ಒರೆಸಿ, ಅಪ್ಪನ ಮಂಚದ ಪಕ್ಕ ಇಟ್ಟಳು. ದೇವರ ಕೋಣೆಯ ಬಾಗಿಲಲ್ಲಿ ದಪ್ಪ ಜಮಖಾನ ಹಾಸಿದಳು. ಅದರಾಚೆಗೆ ಅಪ್ಪ ಹೋಗುವುದಿಲ್ಲ, ಅಲ್ಲಿಂದಲೇ ಕೈಮುಗಿಯುತ್ತಾರೆ.

ಜೋಡುಗಳನ್ನು ಆರಿಸಿದವಳು ನಾನಾದರೂ ಅವುಗಳಿಗೆ ಶಿಸ್ತು ತಂದವರು ಅಪ್ಪ. ಅರವತ್ತರ ಹೊಸ್ತಿಲಲ್ಲಿರುವ ಮನುಷ್ಯ ಇಡೀ ಜೀವನದ ನಡಿಗೆಯನ್ನು ಬದಲಿಸಿಕೊಳ್ಳುವುದನ್ನು ನಾನು ಹತ್ತಿರದಿಂದ ನೋಡಿದೆ. ಮೆಟ್ಟುವ ಮೊದಲು ತಲೆಕೆಳಗು ಮಾಡಿ ತಟ್ಟುತ್ತಿದ್ದರು, ಒಳಗೆ ಹರಳೋ ಮುಳ್ಳೋ ಇದ್ದರೆ ಬೀಳಲೆಂದು. ಒದ್ದೆಯಾದದ್ದನ್ನು ಬಿಸಿಲಿಗಿಡದೆ ನೆರಳಲ್ಲಿ ಒಣಗಿಸುತ್ತಿದ್ದರು. ಹೊಲದಿಂದ ಬಂದು ಗಂಬೂಟು ಕಳಚಿ, ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿಕೊಂಡು ಮನೆಯ ಚಪ್ಪಲಿಗೆ ಪಾದ ಸೇರಿಸುವ ಅವರ ನಯವನ್ನು ಕಂಡಾಗ, ಪ್ರಯೋಗಾಲಯದಲ್ಲಿ ನಾವು ಕೈಗವಸು ಬದಲಿಸುವುದು ಒರಟಾಗಿ ತೋರುತ್ತಿತ್ತು. ಮಾಗಡಿ ಕಡೆಯ ಮದುವೆಯೊಂದರಲ್ಲಿ ಬಿಳಿ ಪಂಚೆಯ ಕೆಳಗೆ ಕೆಂಪುಗಂದು ಶೂ ಮೆಟ್ಟಿ ಅವರು ನಡೆದು ಬಂದದ್ದನ್ನು ನೋಡಿ ಹುಡುಗನ ಸೋದರಮಾವನೇ ಎದ್ದು ಕುರ್ಚಿ ಕೊಟ್ಟನಂತೆ.

ನೆರೆಮನೆಯ ಸ್ವಾಮಿ ಮಾವ ಅಪ್ಪನ ಓರಗೆಯವರು. ಅವರು ಸುಮ್ಮನಿರಲಾರರು.

“ಏನ್ಲಾ ಮುನಿಯ, ಮೋರಿ ದಾಟಾಕೊಂದು ಜೋಡು, ಬೇಲಿ ದಾಟಾಕೊಂದು ಜೋಡು! ಎಮ್ಮೆಲ್ಲೆಗೂ ಇಷ್ಟಿಲ್ಲ ಕಣ್ಲಾ.”

“ಹೂಂ ಕಣ್ಲಾ. ನಿನ್ ಮನೆಗೆ ಬರಾಕೊಂದು ಇನ್ನೂ ತಂದಿಲ್ಲ. ಅಲ್ಲಿಗಂಟ ಹಳೇದ್ರಾಗೇ ಬತ್ತೀನಿ.”

ಶಿವರಾತ್ರಿ ಕಳೆಯಿತು. ಅಪ್ಪನ ಪಾದಗಳಲ್ಲಿ ಒಂದು ಗೀರೂ ಇರಲಿಲ್ಲ. ನನ್ನ ವಿಂಗಡಣೆ ಪೂರ್ಣವಾಗಿದೆ ಎಂದೇ ನಾನು ನಂಬಿದ್ದೆ.

ಆ ವಾರ ನಮ್ಮ ರಾಗಿಯ ಮೆದೆ ಬಿಚ್ಚಿದರು. ಕೊಯ್ದು ಒಟ್ಟಿದ್ದ ಹುಲ್ಲನ್ನು ಊರಾಚೆಯ ಟಾರು ರಸ್ತೆಯ ಮೇಲೆ ಹರಡಿ ಒಕ್ಕುವುದು ಈಗಿನ ರೂಢಿ. ಟ್ರ್ಯಾಕ್ಟರು, ಲಾರಿ, ಬೈಕುಗಳೆಲ್ಲ ಹಾದು ಹೋಗಿ ತೆನೆ ತುಳಿದುಕೊಡುತ್ತವೆ. ಭಾನುವಾರ ಮಧ್ಯಾಹ್ನ ನಾನು ಸ್ಕೂಟರಿನಲ್ಲಿ ಊರಿಗೆ ಬರುವಾಗ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಕೆಂಪುಗಂದು ಶೂಗಳು ಕಾಣಿಸಿದವು. ರಾಗಿಗೆ ಬೆನ್ನು ಹಾಕಿ, ಒಂದರ ಪಕ್ಕ ಒಂದು, ನೇರವಾಗಿ ಕೂತಿದ್ದವು. ಅಪ್ಪ ರಸ್ತೆಯ ನಡುವೆ ನಿಂತು, ಹುಲ್ಲು ಸರಿಸಿದ ಬರಿಯ ಟಾರಿನ ಮೇಲೆ ಕಾಳು ಗುಡಿಸುತ್ತಿದ್ದರು. ಬರಿಗಾಲು.

“ಅಪ್ಪಾ! ಜೋಡು ಯಾಕೆ ಬುಟ್ಟೆ?”

“ಕಣದಾಗೆ ಜೋಡು ಹಾಕ್ತಾರೇನವ್ವ?”

“ಇದು ಕಣ ಅಲ್ಲ, ರೋಡು!”

“ನೆನ್ನೆಗಂಟ ರೋಡು.”

ಪಕ್ಕದಲ್ಲಿ ಹುಲ್ಲಿನ ಮೇಲೆಯೇ ಹೆಜ್ಜೆಯಿಡುತ್ತ ಹುಲ್ಲು ತಿರುವುತ್ತಿದ್ದ ಸ್ವಾಮಿ ಮಾವ ಹೆಮ್ಮೆಯಿಂದ ಕೂಗಿ ಹೇಳಿದರು: “ನಿಮ್ಮಪ್ಪಂದು ಗಟ್ಟಿ ಕಾಲು ಕಣವ್ವ! ಆ ಬಿಸಿ ಟಾರ್ ಮ್ಯಾಲೆ ನಮ್ ಕೈಲಿ ಒಂದ್ಗಳಿಗೆ ನಿಂತ್ಕಳಕ್ಕೆ ಆಗಕಿಲ್ಲ. ಅದುಕ್ಕೇ ಗುಡ್ಸೋ ಕೆಲ್ಸ ಅವನಿಗೇ ಬುಟ್ಬುಟ್ವಿ.”

ನಾನು ಬಗ್ಗಿ ಟಾರಿಗೆ ಅಂಗೈ ಒತ್ತಿದೆ. ಇಟ್ಟ ಕೈಯನ್ನು ಕೂಡಲೇ ಎಳೆದುಕೊಳ್ಳಬೇಕಾಯಿತು. ಅಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ಮರದ ಕೆಳಗೆ ಕೂರಿಸಿ ಪಾದ ಎತ್ತಿ ನೋಡಿದೆ. ಎರಡೂ ಅಂಗಾಲುಗಳು ಕೆಂಪೇರಿದ್ದವು. ಗುಳ್ಳೆ ಇನ್ನೂ ಎದ್ದಿರಲಿಲ್ಲ. ಇನ್ನಷ್ಟು ಹೊತ್ತು ಕಳೆದಿದ್ದರೆ ಏಳುತ್ತಿತ್ತು, ಒಡೆಯುತ್ತಿತ್ತು, ಆ ಮೇಲಿನದು ವೈದ್ಯರು ಹೇಳಿದ್ದೇ. ಬುತ್ತಿ ತಂದಿದ್ದ ಅವ್ವ ಬಿಂದಿಗೆಯ ನೀರನ್ನೆಲ್ಲ ಸುರಿದಳು.

ನನ್ನ ತಪ್ಪು ಎಲ್ಲಿತ್ತೆಂದು ಆಗ ಹೊಳೆಯಿತು. ನಾನು ಅಪ್ಪನ ದಿನವನ್ನು ಸ್ಥಳಗಳಾಗಿ ಒಡೆದಿದ್ದೆ. ಕಣ ಒಂದು ಸ್ಥಳವಲ್ಲ. ರಾಗಿ ಎಲ್ಲಿ ಬಿದ್ದಿದೆಯೋ ಅದೇ ಕಣ. ಲಾರಿಗಳು ಓಡಾಡುವ ಟಾರು ರಸ್ತೆಯೂ ರಾಗಿ ಹರಡಿದ ಕ್ಷಣದಿಂದ ಅಪ್ಪನಿಗೆ ಜೋಡು ಬಿಡಬೇಕಾದ ಜಾಗ.

ಮೆದೆಯಲ್ಲಿ ಅರ್ಧದಷ್ಟು ಹುಲ್ಲು ಇನ್ನೂ ಉಳಿದಿತ್ತು. ನಾನು ನರಗಳ ವಿಷಯ ಹೇಳಿದೆ, ಶಾಖದ ವಿಷಯ ಹೇಳಿದೆ. ಅಪ್ಪ ತಾಳ್ಮೆಯಿಂದ ಕೇಳಿದರು.

“ನಿನ್ ಮಾತು ಸುಳ್ಳು ಅಂತ ನಾನೆಲ್ಲಿ ಅಂದೆ? ನೀನೇಳ್ದಂಗೆ ಮನೆ ಒಳಗೂ ಹಾಕ್ಕಂಡೆ, ಹೊಲದಾಗೂ ಹಾಕ್ಕಂಡೆ. ಇಲ್ಲೊಂದು ಬುಟ್ಬುಡವ್ವ. ರಾಶಿ ಮ್ಯಾಲೆ ಎಕ್ಕಡ ಮೆಟ್ಕಂಡು ನಿಂತು, ಆಮ್ಯಾಕೆ ಅದನ್ನೇ ಉಣ್ಣೋದು ಹೆಂಗೆ? ಗಂಟಲಾಗೆ ಇಳೀತದಾ?”

ಅವ್ವ ಖಾಲಿ ಬಿಂದಿಗೆಯನ್ನು ಕುಕ್ಕಿದಳು.

“ಹಂಗಾರೆ ನಮ್ಮ ಎತ್ಗಳು ಕಣ ತುಳೀವಾಗ ಲಾಳ ಕಿತ್ತು ಬುಡ್ತಿದ್ರಾ?”

“ಅವು ಬಸವಣ್ಣ ಕಣೆ. ಅವುಕ್ಕೂ ನಂಗೂ ಸಮ ಮಾಡ್ತೀಯಲ್ಲ.”

“ಬಸವಣ್ಣಂಗೇ ಲಾಳ ಬೇಕಿತ್ತು. ಇವ್ರಿಗೆ ಬ್ಯಾಡ್ವಂತೆ! ಬಸವಣ್ಣಂಗಿಂತ ದೊಡ್ಡೋರಾಗ್ಬುಟ್ರಾ ನೀವು?”

ಸ್ವಾಮಿ ಮಾವ ಹುಲ್ಲು ತಿರುವುವ ಕವೆಗೋಲನ್ನು ಊರಿ ನಿಂತು ನಗತೊಡಗಿದರು. ಅಪ್ಪ ನಗಲಿಲ್ಲ. ಒದ್ದೆ ಪಾದಗಳನ್ನು ಟವೆಲಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಹುಲ್ಲಿನ ಕಡೆ ನೋಡುತ್ತ ಕುಳಿತರು. ಹೆಂಡತಿಯ ಮಾತಿನಲ್ಲಿ ಸೋತ ಗಂಡಸಿನ ಮುಖವಾಗಿರಲಿಲ್ಲ ಅದು. ಒಂದು ವಾದವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುತ್ತಿರುವವರ ಮುಖವಾಗಿತ್ತು.

“ಎತ್ತು ಕಣಕ್ಕೆ ಕಟ್ಟೋ ಮುಂಚೆ ಗೊರಸು ತೊಳೀತಿದ್ದೆ ನಾನು,” ಎಂದರು ಕೊನೆಗೆ. “ಅರಿಶಿನ ಹಚ್ತಿದ್ದೆ.” ಆಮೇಲೆ ನನ್ನ ಕಡೆ ತಿರುಗಿದರು. “ಚರ್ಮದ್ದು ಆಗಕಿಲ್ಲ. ಬಟ್ಟೇದು ಇರ್ಬೇಕು. ಹೊಸಾದು, ಬೀದಿ ತುಳಿದಿರಬಾರ್ದು. ಇಲ್ಲಿ ಹಾಕ್ಕಂಡು ಇಲ್ಲೇ ಬುಡ್ಬೇಕು. ಕಣ ಬುಟ್ಟು ಇನ್ನೆಲ್ಲೂ ಹೋಗಬಾರ್ದು ಅದು. ಅಂಥದ್ದು ಸಿಕ್ತದಾ?”

ನಮ್ಮ ಕೇಂದ್ರದಲ್ಲಿ ರೋಗಾಣು ಪರೀಕ್ಷೆಯ ಕೋಣೆಗೆ ಇರುವ ನಿಯಮವೂ ಇದೇ. ಒಳಗಿನ ಪಾದರಕ್ಷೆ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಆ ನಿಯಮವನ್ನು ರೂಪಿಸಿದವರು ಕಾಳಜಿ ವಹಿಸಿದ್ದು ರೋಗಾಣುವಿನ ಬಗ್ಗೆ, ಅಪ್ಪ ಕಾಳಜಿ ವಹಿಸಿದ್ದು ಅನ್ನದ ಬಗ್ಗೆ. ಎಚ್ಚರ ಎರಡು ಕಡೆಯೂ ಒಂದೇ ತೂಕದ್ದು. ಜೋಡುಗಳ ಬಗ್ಗೆ ಅಷ್ಟು ದಿನ ಯೋಚಿಸಿದ ನಾನು ಇಷ್ಟು ಖಚಿತವಾದ ಷರತ್ತುಗಳನ್ನು ಯಾವ ಜೊತೆಗೂ ಬರೆದಿರಲಿಲ್ಲ.

“ನಾನು ಬರೋಗಂಟ ಕಾಲು ನೆಲಕ್ಕಿಡಬಾರ್ದು.”

“ಇಡಕಿಲ್ಲ, ಹೋಗು.”

ಕನಕಪುರದಲ್ಲಿ ಭಾನುವಾರವೂ ತೆರೆದಿದ್ದ ಅಂಗಡಿಯನ್ನು ಹುಡುಕಿ, ದಪ್ಪ ರಬ್ಬರಿನ ತಳವಿದ್ದ ಬಿಳಿ ಕ್ಯಾನ್ವಾಸ್ ಶೂಗಳನ್ನು ಕೊಂಡೆ. ಅಗಲಕ್ಕೆ ಸಾಲದೆಂದು ಒಂದು ಅಳತೆ ದೊಡ್ಡದು, ಒಳಗೆ ತುಂಬಲು ಮೆತ್ತನೆಯ ಹಾಸು, ಹತ್ತಿಯ ಕಾಲುಚೀಲ. ಅಂಗಡಿಯವನು ನೆಲದ ಮೇಲಿಟ್ಟು ತೋರಿಸಲು ಹೋದಾಗ ಬೇಡವೆಂದು ಕೈಯಲ್ಲೇ ಹಿಡಿದು ನೋಡಿದೆ.

ಹಿಂತಿರುಗಿದಾಗ ಅಪ್ಪ ಯಾರೋ ಹುಲ್ಲಿನ ಅಂಚಿಗೇ ತಂದು ಹಾಕಿದ್ದ ಹಗ್ಗದ ಮಂಚದ ಮೇಲೆ ಕಾಲು ಮಡಿಸಿ ಕುಳಿತು, ಅಲ್ಲಿಂದಲೇ ಎಲ್ಲರಿಗೂ ಕೆಲಸ ಹೇಳುತ್ತಿದ್ದರು. ಪೆಟ್ಟಿಗೆ ತೆರೆದು ಶೂಗಳ ತಳವನ್ನು ತಿರುಗಿಸಿ ನೋಡಿದರು. ಹೊಸ ರಬ್ಬರಿನಲ್ಲಿ ಒಂದು ಚೂರೂ ಮಣ್ಣಿರಲಿಲ್ಲ. ಅವ್ವ ಬುತ್ತಿಯ ಜೊತೆಗೇ ಇದ್ದ ರಾಶಿಪೂಜೆಯ ಅರಿಶಿನದಲ್ಲಿ ಬೆರಳದ್ದಿ, ಎರಡರ ತುದಿಗೂ ಒತ್ತಿದಳು. ನಾನು ಅವರ ಅಂಗಾಲುಗಳನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಕೆಂಪು ಇಳಿದಿತ್ತು, ಗುಳ್ಳೆ ಎದ್ದಿರಲಿಲ್ಲ. ಕಾಲುಚೀಲ ಹಾಕಿ ಶೂ ತೊಡಿಸಿದೆ. ಅಪ್ಪ ಮಂಚದಿಂದ ನೇರವಾಗಿ ರಾಗಿಯ ಹುಲ್ಲಿನ ಮೇಲೆ ಕಾಲಿಟ್ಟರು. ಇಟ್ಟ ಕೂಡಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಲೇ ಮುನಿಯ, ಎತ್ತೇ ಆಗ್ಬುಟ್ಟಲ್ಲೋ!” ಎಂದರು ಸ್ವಾಮಿ ಮಾವ.

“ಹೂಂ ಕಣ್ಲಾ. ನೀನು ಲಾಳ ಇಲ್ದೇ ಕುಣೀತಿರು.”

ಹೊತ್ತು ಮುಳುಗುವ ವೇಳೆಗೆ ಅಂದಿನ ಕಾಳೆಲ್ಲ ಒಂದೆಡೆ ರಾಶಿಯಾಯಿತು. ಅಪ್ಪ ಮಂಚದ ಅಂಚಿನಲ್ಲಿ ಕುಳಿತು ಶೂ ಕಳಚಿದರು. ಅವುಗಳನ್ನು ಮನೆಗೆ ಒಯ್ಯಲು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ರಬ್ಬರಿನ ತಳದ ಗೀರುಗಳ ನಡುವೆ ರಾಗಿಯ ಕಾಳುಗಳು ಸಿಕ್ಕಿಕೊಂಡಿದ್ದವು. ಅಪ್ಪ ಹುಲ್ಲುಕಡ್ಡಿಯೊಂದನ್ನು ಮುರಿದುಕೊಂಡು, ಶೂ ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಕಾಳನ್ನು ಅಂಗೈಗೆ ಬಿಡಿಸಿಕೊಳ್ಳತೊಡಗಿದರು. ಎರಡೂ ತಳಗಳು ಖಾಲಿಯಾದ ಮೇಲೆ ಆ ಚಿಟಿಕೆ ರಾಗಿಯನ್ನು ಅವ್ವನ ಕೈಗೆ ಸುರಿದು, ರಾಶಿಯ ಮೇಲೆ ಹಾಕೆಂದು ಹೇಳಿದರು. ಶೂಗಳನ್ನು ಮೊರ, ಪೊರಕೆಗಳ ಜೊತೆ ಗೋಣಿಚೀಲದಲ್ಲಿ ಸುತ್ತಿಟ್ಟು, ಮನೆಗೆ ನಡೆಯಲು ಮರದ ಕೆಳಗಿದ್ದ ಕೆಂಪುಗಂದು ಜೊತೆಯನ್ನು ತಂದುಕೊಡುವಂತೆ ನನಗೆ ಸನ್ನೆ ಮಾಡಿದರು.